ಕ್ರಿಶ್ಚಿಯನ್ ಪ್ರೈಮರಿ ಶಾಲೆಗೆ ಸೇರಿಸುವ ಮೊದಲು: ಪಠ್ಯ ಯಾರದ್ದು, ನೀತಿ ಪಾಠ ಹೇಗೆ?

ಕುಲಶೇಖರ ಪೋಷಕಿ

ಮುಂದಿನ ಜೂನ್‌ಗೆ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ನೋಡಿಟ್ಟ ಮೂರೂ ಶಾಲೆಗಳು ಕ್ರಿಶ್ಚಿಯನ್ ಆಡಳಿತದವು: ಎರಡು ಕಥೋಲಿಕರದ್ದು, ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಪ್ರೊಟೆಸ್ಟೆಂಟರದ್ದು). ಮೂರರ ಕರಪತ್ರದಲ್ಲೂ "ಮೌಲ್ಯಾಧಾರಿತ ಶಿಕ್ಷಣ" ಅಂತ ದೊಡ್ಡ ಅಕ್ಷರದಲ್ಲಿ ಉಂಟು. ಅದು ಎಂತ, ಯಾವಾಗ, ಯಾರು ಹೇಳಿಕೊಡ್ತಾರೆ ಅಂತ ಒಂದರಲ್ಲೂ ಇಲ್ಲ. ನಾವು ಕ್ರಿಶ್ಚಿಯನ್ನರಲ್ಲ, ಮನೆಮಾತು ತುಳು. ಸಿಲೆಬಸ್ ಬೇರೆಯಾ? ಧರ್ಮದ ಕ್ಲಾಸಿಗೆ ಕೂರಲೇಬೇಕಾ? ಕನ್ನಡ ಸರಿ ಕಲಿಸ್ತಾರಾ? ತಿಳಿದವರು ಹೇಳಿ.

ಉಡುಪಿ ಮಾಷ್ಟ್ರು

ಮೊದಲು ಒಂದು ಗಂಟು ಬಿಡಿಸುವ. "ಕ್ರಿಶ್ಚಿಯನ್ ಸಿಲೆಬಸ್" ಎಂಬುದು ನಮ್ಮ ಕಡೆ ಇಲ್ಲ. ಆಡಳಿತ ಯಾರದ್ದು ಎಂಬುದು ಬೇರೆ, ಪಠ್ಯ ಯಾರದ್ದು ಎಂಬುದು ಬೇರೆ. ಮಂಗಳೂರು ಧರ್ಮಪ್ರಾಂತ್ಯದ (ಒಬ್ಬ ಬಿಷಪರ ವ್ಯಾಪ್ತಿಯ) ಶಾಲೆಗಳನ್ನು ಕಥೋಲಿಕ್ ಶಿಕ್ಷಣ ಮಂಡಳಿ ನೋಡಿಕೊಳ್ಳುತ್ತದೆ. ಉಡುಪಿ 2012ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಅಲ್ಲಿಯ ವ್ಯವಸ್ಥೆ ಬೇರೆ. ಸಿಸ್ಟರ್‌ಗಳ, ಬ್ರದರ್‌ಗಳ ಸಂಸ್ಥೆಗಳು ತಮ್ಮ ಶಾಲೆಗಳನ್ನು ತಾವೇ ನಡೆಸುವುದೂ ಉಂಟು. ಸಿಎಸ್‌ಐ ಶಾಲೆಗಳಲ್ಲಿ ಹಲವಕ್ಕೆ ಬಾಸೆಲ್ ಮಿಶನ್ನಿನ ಬೇರು. ಆ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು.

ಪಠ್ಯದ ಲೆಕ್ಕದಲ್ಲಿ ಇವೆಲ್ಲ ಮೂರು ಗುಂಪಿಗೆ ಬೀಳುತ್ತವೆ. ಅನುದಾನಿತ ಶಾಲೆ: ಹೆಚ್ಚಾಗಿ ಕನ್ನಡ ಮಾಧ್ಯಮ, ಸರಕಾರದ ಪುಸ್ತಕ, ಬಿಸಿಯೂಟ, ಮಂಜೂರಾದ ಹುದ್ದೆಗಳ ಸಂಬಳ ಸರಕಾರದ್ದು. ಅನುದಾನರಹಿತ ರಾಜ್ಯ ಪಠ್ಯದ ಶಾಲೆ: ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮ. ಮೂರನೆಯದು ಸಿಬಿಎಸ್‌ಇ, ಐಸಿಎಸ್‌ಇ. ಒಂದೇ ಕಾಂಪೌಂಡಿನಲ್ಲಿ ಮೂರೂ ಇರಬಹುದು, ಹೆಸರು ಕೂಡ ಒಂದೇ ಇರಬಹುದು. ಆದ್ದರಿಂದ ಆಫೀಸಿನಲ್ಲಿ ಮೊದಲು ಕೇಳಬೇಕಾದ್ದು ಡೈಸ್ ಕೋಡ್ (ಸರಕಾರ ಪ್ರತಿ ಶಾಲೆಗೆ ಕೊಡುವ ಗುರುತಿನ ಸಂಖ್ಯೆ) ಮತ್ತು ಮಾನ್ಯತೆ ನವೀಕರಣದ ಪ್ರತಿ. ಸಿಬಿಎಸ್‌ಇ ಅಂತ ಹೇಳಿದರೆ ಸಂಯೋಜನೆ (ಅಫಿಲಿಯೇಶನ್) ಸಂಖ್ಯೆ. ಕರಪತ್ರದಲ್ಲಿ "ಸಿಬಿಎಸ್‌ಇ ಮಾದರಿ" ಅಂತ ಬರೆದಿದ್ದರೆ ಅದು ಸಿಬಿಎಸ್‌ಇ ಅಲ್ಲ. ಪುಸ್ತಕ ಮಾತ್ರ ಆ ಕಡೆಯದ್ದು, ಶಾಲೆ ರಾಜ್ಯದ ಲೆಕ್ಕದ್ದು. ಏಳನೇ ಎಂಟನೇ ತರಗತಿಗೆ ಬೇರೆ ಶಾಲೆಗೆ ಹೋಗುವಾಗ ಪೋಷಕರಿಗೆ ಗೊತ್ತಾಗುವುದು.

ರಾಜ್ಯ ಪಠ್ಯವಾದರೆ ಒಂದರಿಂದ ಐದರವರೆಗೆ ಭಾಷೆಗಳು, ಗಣಿತ, ಪರಿಸರ ಅಧ್ಯಯನ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ), ಎರಡು ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ) ಮೌಲ್ಯಮಾಪನ. ಇದರಲ್ಲಿ ಧರ್ಮದ ವಿಷಯ ಇಲ್ಲ, ಅದಕ್ಕೆ ಅಂಕವೂ ಇಲ್ಲ.

ಬಲ್ಮಠ ಹತ್ತಿರ

ಮಾಷ್ಟ್ರು ಹೇಳಿದ್ದು ಸರಿ. ಇನ್ನೊಂದು: ಕರಪತ್ರ ಬದಿಗಿಟ್ಟು ವೇಳಾಪಟ್ಟಿ ಕೇಳಿ. ಮೌಲ್ಯ ಎಲ್ಲಿ ಉಂಟು ಅಂತ ಅದರಲ್ಲಿ ಕಾಣುತ್ತದೆ.

ವಾರಕ್ಕೆ 45 ಅವಧಿ, ತಲಾ 40 ನಿಮಿಷ ಅಂತ ಹಿಡಿಯಿರಿ. ಒಟ್ಟು 30 ಗಂಟೆ. ಅದರಲ್ಲಿ ನೀತಿ ಪಾಠಕ್ಕೆ ಒಂದು ಅವಧಿ ಇದ್ದರೆ 40 ನಿಮಿಷ. ಬೆಳಗ್ಗಿನ ಅಸೆಂಬ್ಲಿ ದಿನಾ 20 ನಿಮಿಷದ ಹಾಗೆ ಆರು ದಿನಕ್ಕೆ 2 ಗಂಟೆ. ಅಂದರೆ ಮಗು ಶಾಲೆಯ "ಮೌಲ್ಯ" ಕೇಳುವುದು ಕ್ಲಾಸಿಗಿಂತ ಮೂರು ಪಟ್ಟು ಹೆಚ್ಚು ಅಸೆಂಬ್ಲಿಯಲ್ಲಿ, ನಿಂತುಕೊಂಡು. ಅಸೆಂಬ್ಲಿ ನೋಡದೆ ಶಾಲೆ ಆರಿಸಬೇಡಿ.

ಆ ಒಂದು ಅವಧಿ ಯಾವ ದಿನ ಉಂಟು ಅಂತಲೂ ನೋಡಿ. ಶನಿವಾರಕ್ಕೋ ದಿನದ ಕೊನೆಗೋ ಹಾಕಿದ್ದರೆ ಅದು ಇಲ್ಲದ ಹಾಗೆಯೇ. ನಮ್ಮಲ್ಲಿ ಜೂನ್ ಜುಲೈಯಲ್ಲಿ ಡಿಸಿಯವರು ಮಳೆ ರಜೆ ಕೊಟ್ಟರೆ ಅದನ್ನು ಸರಿದೂಗಿಸುವುದು ಶನಿವಾರ ಮಧ್ಯಾಹ್ನದ ಮೇಲೆ, ಆಗ ಶನಿವಾರದ ಪಟ್ಟಿಯೇ ಬದಲಾಗುತ್ತದೆ. ಪರೀಕ್ಷೆಗೆ ಮೊದಲಿನ ವಾರ ಗಣಿತದವರು ಬಂದು "ಇವತ್ತು ನನಗೆ ಕೊಡಿ" ಅಂತಾರೆ, ಆಮೇಲೆ ಕ್ರೀಡಾಕೂಟ, ವಾರ್ಷಿಕೋತ್ಸವದ ಪ್ರಾಕ್ಟೀಸ್. ಕಾಗದದಲ್ಲಿ ಮೂವತ್ತೈದರ ಮೇಲೆ ಇರುವ ಅವಧಿ ನಿಜವಾಗಿ ಇಪ್ಪತ್ತೈದು ನಡೆದರೆ ಒಳ್ಳೆಯ ಶಾಲೆ ಎನ್ನಬೇಕು. ಮಂಗಳವಾರ ಅಥವಾ ಬುಧವಾರ, ಮೂರನೆಯ ಅವಧಿ, ಕ್ಲಾಸ್ ಟೀಚರ್ ಕೈಯಲ್ಲಿ: ಹೀಗಿದ್ದರೆ ಯಾರೋ ತಲೆ ಖರ್ಚು ಮಾಡಿದ್ದಾರೆ ಅಂತ ಲೆಕ್ಕ.

ದೊತೊರ್ನ್ ಟೀಚರ್

ಧರ್ಮದ ಕ್ಲಾಸಿನ ಪ್ರಶ್ನೆಗೆ ಉತ್ತರ. ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯ ಪದ್ಧತಿ ಹೀಗೆ: ಒಂದೇ ಅವಧಿಯಲ್ಲಿ ಕಥೋಲಿಕ ಮಕ್ಕಳು ದೊತೊರ್ನ್‌ಗೆ, ಅಂದರೆ ಕಥೋಲಿಕ ಧರ್ಮದ ಪಾಠಕ್ಕೆ, ಒಂದು ಕೋಣೆಗೆ, ಉಳಿದವರು ನೀತಿ ಪಾಠಕ್ಕೆ ಇನ್ನೊಂದು ಕೋಣೆಗೆ. ನಿಮ್ಮ ಮಗಳು ಎರಡನೆಯದರಲ್ಲಿ ಇರುತ್ತಾಳೆ.

ದೊತೊರ್ನ್‌ನಲ್ಲಿ ಇರುವುದು ಇಷ್ಟು. ಒಂದು ಎರಡನೇ ತರಗತಿಯಲ್ಲಿ ಶಿಲುಬೆಯ ಗುರುತು, ಪರಲೋಕದ ಪ್ರಾರ್ಥನೆ, ನಮೋ ಮರಿಯ (ಮರಿಯಮ್ಮನ ಪ್ರಾರ್ಥನೆ), ಯೇಸುವಿನ ಹುಟ್ಟು, ಕೆಲವು ಸಾಮತಿಗಳು (ಯೇಸು ಹೇಳಿದ ನೀತಿಕಥೆಗಳು). ಮೂರು ನಾಲ್ಕರಲ್ಲಿ ಬೈಬಲಿನ ಹತ್ತು ಕಟ್ಟಳೆ, ಪಾಪನಿವೇದನೆ (ಪಾದ್ರಿಯ ಬಳಿ ತಪ್ಪೊಪ್ಪಿಗೆ), ಪರಮ ಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ). ಮೊದಲ ಪರಮ ಪ್ರಸಾದದ ತಯಾರಿ ಮಾತ್ರ ಇಗರ್ಜಿಯಲ್ಲೇ (ಚರ್ಚಿನಲ್ಲೇ) ನಡೆಯಬೇಕು, ಶಾಲೆಯ ಕ್ಲಾಸ್ ಅದಕ್ಕೆ ಬದಲಿ ಅಲ್ಲ. ಕಥೋಲಿಕ ಪೋಷಕರು ಇಲ್ಲಿ ಎಡವುತ್ತಾರೆ. ಶಾಲೆಯಲ್ಲಿ ಆಗುತ್ತದೆ ಅಂತ ಭಾನುವಾರದ ಕ್ಲಾಸಿಗೆ ಕಳಿಸುವುದಿಲ್ಲ, ಕೊನೆಗೆ ಇಗರ್ಜಿಯ ಹಾಜರಿ ಸಾಲುವುದಿಲ್ಲ.

ಇನ್ನೊಂದು ತೊಡಕು ಭಾಷೆ. ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಕನ್ನಡದಲ್ಲಿ. ಆರು ವರ್ಷದ ಮಗು ಒಂದೇ ಪ್ರಾರ್ಥನೆಯನ್ನು ಎರಡು ಭಾಷೆಯಲ್ಲಿ ಅರ್ಧರ್ಧ ಕಲಿತು ಎರಡನ್ನೂ ಬೆರೆಸುತ್ತದೆ. ಮೊದಲ ವರ್ಷ ಮನೆಭಾಷೆಯದ್ದೇ ಬಾಯಿಗೆ ಬರಲಿ, ಇನ್ನೊಂದು ಭಾಷೆ ಎರಡನೇ ತರಗತಿಯಿಂದ ಸಾಕು.

ಮಿಶನ್ ಕಾಂಪೌಂಡ್

ಸಿಎಸ್‌ಐ ಶಾಲೆಯಲ್ಲಿ ಬೇರೆ ಬೇರೆ ಕೋಣೆಗೆ ಒಡೆಯುವುದು ಕಡಿಮೆ. ಬೆಳಗ್ಗೆ ಒಂದು ಹಾಡು, ಚಿಕ್ಕ ಬೈಬಲ್ ವಾಚನ, ಕರ್ತನ ಪ್ರಾರ್ಥನೆ (ಕಥೋಲಿಕರ ಪರಲೋಕದ ಪ್ರಾರ್ಥನೆಯೇ), ಎಲ್ಲರೂ ಒಟ್ಟಿಗೆ. ಧರ್ಮದ ಪಾಠ ಅಂತ ನಡೆಯುವುದು ಸಭೆಯ ಸಂಡೇ ಸ್ಕೂಲಿನಲ್ಲಿ, ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ. ಅದಕ್ಕೂ ಶಾಲೆಯ ವೇಳಾಪಟ್ಟಿಗೂ ಸಂಬಂಧ ಇಲ್ಲ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕ್ರೈಸ್ತ ಪೋಷಕರಿಗೆ ಒಂದು ಸಣ್ಣ ಮಾತು. ಹತ್ತು ಕಟ್ಟಳೆ ಎರಡು ಕಡೆಯೂ ಅವೇ, ಆದರೆ ಎಣಿಕೆ ಬೇರೆ. "ತಂದೆ ತಾಯಿಯನ್ನು ಗೌರವಿಸು" ಕಥೋಲಿಕರಲ್ಲಿ ನಾಲ್ಕನೆಯದು, ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಐದನೆಯದು. ವಿಗ್ರಹದ ಕಟ್ಟಳೆಯನ್ನು ಮೊದಲನೆಯದಕ್ಕೆ ಸೇರಿಸುವುದೋ ಬೇರೆ ಎಣಿಸುವುದೋ ಎಂಬಲ್ಲಿ ವ್ಯತ್ಯಾಸ. ಧರ್ಮದ ಕ್ಲಾಸಿನ ಪ್ರಶ್ನೆಪತ್ರಿಕೆಯಲ್ಲಿ "ನಾಲ್ಕನೆಯ ಕಟ್ಟಳೆ ಬರೆಯಿರಿ" ಅಂತ ಕೇಳುವ ಟೀಚರ್ ಸುಮ್ಮನೆ ಮಗುವಿನ ಅಂಕ ಕಳೆಯುತ್ತಾರೆ. ಕರ್ತನ ಪ್ರಾರ್ಥನೆಯ ಕೊನೆಯಲ್ಲಿಯೂ ಹೀಗೆಯೇ. ಪ್ರೊಟೆಸ್ಟೆಂಟರು "ರಾಜ್ಯವೂ ಬಲವೂ ಮಹಿಮೆಯೂ" ಅಂತ ಮುಂದುವರಿಸುತ್ತಾರೆ, ಕಥೋಲಿಕ ಮಕ್ಕಳು ಅದಕ್ಕೆ ಮೊದಲೇ ಆಮೆನ್ ಹೇಳಿ ನಿಲ್ಲಿಸುತ್ತಾರೆ.

ಕಾನೂನು ಓದಿದವ

ಕೂರಲೇಬೇಕಾ ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರ ಉಂಟು. 28ನೇ ವಿಧಿಯ 3ನೇ ಖಂಡ: ಸರಕಾರದ ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೋ ಆರಾಧನೆಗೋ ಯಾರನ್ನೂ ಒಪ್ಪಿಗೆ ಇಲ್ಲದೆ ಕೂರಿಸುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದ್ದಾದರೆ ಪೋಷಕರ ಒಪ್ಪಿಗೆ ಬೇಕು. "ಮಾನ್ಯತೆ ಪಡೆದ" ಅಂತ ಇರುವುದರಿಂದ ಅನುದಾನರಹಿತ ಶಾಲೆಗೂ ಅನ್ವಯ. ದಾಖಲಾತಿ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಶಾಲೆಯ ಎಲ್ಲ ಕಾರ್ಯಕ್ರಮಗಳಿಗೆ ಒಪ್ಪಿದ್ದೇವೆ" ಅಂತ ಇರುವುದುಂಟು. ಸಹಿ ಹಾಕುವ ಮೊದಲು ಅದರಲ್ಲಿ ಎಂತೆಲ್ಲ ಸೇರಿದೆ ಅಂತ ಕೇಳಿ.

ಅನುದಾನಿತ ಶಾಲೆಯಾದರೆ 29ನೇ ವಿಧಿಯ 2ನೇ ಖಂಡವೂ ಉಂಟು. ಧರ್ಮ, ಜಾತಿ, ಭಾಷೆಯ ಕಾರಣ ಮಾತ್ರಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ಚರ್ಚಿನ ಕಡೆಯ ನಿಲುವೂ ಇದಕ್ಕೆ ಎದುರಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಕ್ರೈಸ್ತ ಸಂಪ್ರದಾಯಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬಾರದು, ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಅಂತ ಹೇಳಿದೆ.

ಕಲ್ಯಾಣಪುರ

ಕಾನೂನು ಸರಿ ಮಾರಾಯ್ರೆ, ಆದರೆ ಮಗುವನ್ನು ಹೊರಗೆ ಕಳಿಸಿದ ಮೇಲೆ ಅದು 40 ನಿಮಿಷ ಎಂತ ಮಾಡುತ್ತದೆ? ಅದನ್ನು ಕೇಳಿ. ಹಲವು ಕಡೆ ದೊತೊರ್ನ್‌ಗೆ ತಯಾರಾದ ಟೀಚರ್ ಇರ್ತಾರೆ, ಪುಸ್ತಕ ಇರುತ್ತದೆ. ನೀತಿ ಪಾಠದ ಕೋಣೆಗೆ ಮಾತ್ರ ಯಾರು ಬಿಡುವಿದ್ದಾರೋ ಅವರು. "ಕಾಪಿ ಬರೆಯಿರಿ" ಅಂತ ಕೂರಿಸಿದರೆ ಮುಗಿಯಿತು. ಶಾಲೆಯ ಮುಕ್ಕಾಲು ಮಕ್ಕಳು ಆ ಕೋಣೆಯಲ್ಲೇ ಇರುವ ಶಾಲೆಗಳುಂಟು.

ಉಡುಪಿ ಮಾಷ್ಟ್ರು

ಕಲ್ಯಾಣಪುರದವರು ಹೇಳಿದ್ದೇ ಮುಖ್ಯ. ಆ ಅವಧಿ ಚೆನ್ನಾಗಿ ನಡೆದರೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಕೇಳುವುದು ಸುಲಭ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರನೇ ತರಗತಿ, ಎಲ್ಲ ಧರ್ಮದ 35 ಮಕ್ಕಳು, ಸಮಾರ್ಯದವನ ಕಥೆ ಅಂತಿಟ್ಟುಕೊಳ್ಳಿ. ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯದ್ದು: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟವನನ್ನು ಯಾಜಕ ನೋಡಿಯೂ ದಾಟಿ ಹೋಗುತ್ತಾನೆ, ಸಮಾರ್ಯದವನೊಬ್ಬ ಎತ್ತಿ ಛತ್ರಕ್ಕೆ ಒಯ್ಯುತ್ತಾನೆ. 3 ನಿಮಿಷ ಮಕ್ಕಳು ಕೂತು ಸುಮ್ಮನಾಗಲಿಕ್ಕೆ. 8 ನಿಮಿಷ ಕಥೆ, ಪುಸ್ತಕ ನೋಡದೆ. 12 ನಿಮಿಷ ಆಡಿ ತೋರಿಸುವುದು. 12 ನಿಮಿಷ ಮಾತು. ಉಳಿದ 5ರಲ್ಲಿ ಒಂದು ಚಿತ್ರ ಅಥವಾ ಒಂದು ವಾಕ್ಯ. ನೀತಿಯನ್ನು ಟೀಚರ್ ಹೇಳಬಾರದು. ಮೊದಲೇ "ಇವತ್ತಿನ ಮೌಲ್ಯ ಪರೋಪಕಾರ" ಅಂತ ಬೋರ್ಡಿನಲ್ಲಿ ಬರೆದರೆ ಆಮೇಲೆ ಎಂತ ಕೇಳಿದರೂ ಮಕ್ಕಳ ಉತ್ತರ "ಪರೋಪಕಾರ ಟೀಚರ್" ಅಂತಲೇ.

ಈ ಕಥೆ ಹೆಚ್ಚು ಕೆಡುವುದು ಒಂದು ಕಡೆ. ಸಮಾರ್ಯದವರು ಅಂದರೆ ಯೆಹೂದ್ಯರು ಬಳಿ ಸೇರಿಸದ ಜನ ಅಂತ ಹೇಳದೆ ಬಿಟ್ಟರೆ ಕಥೆ ಬರೀ "ಬಿದ್ದವರಿಗೆ ಸಹಾಯ ಮಾಡು" ಅಂತ ಆಗುತ್ತದೆ. ಸಹಾಯ ಮಾಡಬೇಕು ಅಂತ ಮಕ್ಕಳಿಗೆ ಮೊದಲೇ ಗೊತ್ತು. ಯಾರನ್ನು ನಾವು ಆಟಕ್ಕೆ ಸೇರಿಸುವುದಿಲ್ಲವೋ ಅವನೇ ಬಂದು ಎತ್ತಿದ ಎಂಬುದು ಕಥೆಯ ಗಟ್ಟಿ. ಎಂಟು ವರ್ಷದವರಿಗೆ ಅದನ್ನು ಹಾಗೆಯೇ ಕೇಳಬೇಕು: ನಿಮ್ಮ ಟೀಮಿಗೆ ಯಾವತ್ತೂ ಕರೆಯದವರು ಯಾರು? ಹೆಸರು ಹೇಳಿಸಬಾರದು, ಮನಸ್ಸಿನಲ್ಲೇ ಯೋಚಿಸಲಿ ಅಂತ ಬಿಡಬೇಕು. ಹೆಸರು ಹೇಳಿಸಿದರೆ ಆ ಮಗು ಇಡೀ ಕ್ಲಾಸಿನ ಮುಂದೆ ಇನ್ನೊಮ್ಮೆ ಹೊರಗಾಗುತ್ತದೆ.

ಆಡುವಾಗಲೂ ಎಚ್ಚರ ಬೇಕು. ಎಲ್ಲರಿಗೂ ಕಳ್ಳನಾಗಬೇಕು, ಅದಕ್ಕೆ ಪಾತ್ರ ಚೀಟಿ ಎತ್ತಿ ಕೊಡುವುದು. ದಾಟಿ ಹೋದ ಯಾಜಕನಿಗೆ ನಮ್ಮೂರಿನ ಯಾವ ಧರ್ಮದ ವೇಷವೂ ಬೇಡ, ಪಾದ್ರಿಯ ನಿಲುವಂಗಿಯೂ ಬೇಡ, ಭಟ್ಟರ ಶಾಲೂ ಬೇಡ. ಒಂದು ಮುಂಡಾಸಿನ ತಮಾಷೆಯಿಂದ ಸಂಜೆ ಪೋಷಕರ ವಾಟ್ಸಾಪ್ ಗುಂಪು ಹೊತ್ತಿಕೊಳ್ಳುತ್ತದೆ. ಕಥೆಯ ಕೊನೆಯಲ್ಲಿ ಆ ಮನುಷ್ಯ ಛತ್ರದವನಿಗೆ ಎರಡು ದಿನಾರಿ ಕೊಡುತ್ತಾನೆ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ. ಈಗಿನ ಕೂಲಿಯಲ್ಲಿ ಅದು ಎಷ್ಟು ರೂಪಾಯಿ ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ. ಗಣಿತವೂ ಆಯಿತು, ಸಹಾಯಕ್ಕೆ ಕೈಯಿಂದ ಖರ್ಚಾಗುತ್ತದೆ ಎಂಬುದೂ ತಿಳಿಯಿತು.

ಬಲ್ಮಠ ಹತ್ತಿರ

ಇದನ್ನೇ ಪಠ್ಯಕ್ಕೆ ಜೋಡಿಸಬಹುದು. ಯೇಸು ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನರ ಹೊಟ್ಟೆ ತುಂಬಿಸಿದ ಕಥೆಯಲ್ಲಿ ಕೊನೆಗೆ ಉಳಿದದ್ದನ್ನು ಹಾಳಾಗದಂತೆ 12 ಬುಟ್ಟಿಗೆ ತುಂಬಿಸುತ್ತಾರೆ. ಮಕ್ಕಳಿಗೆ ಪವಾಡ ನೆನಪಿರುತ್ತದೆ, ಬುಟ್ಟಿ ಮರೆತುಹೋಗುತ್ತದೆ. ನಾಲ್ಕನೇ ತರಗತಿಯಲ್ಲಿ ತೂಕ ಕಲಿಸುವ ವಾರ ಊಟದ ನಂತರ ಉಳಿದ ಅನ್ನದ ಬಕೆಟನ್ನು ಐದು ದಿನ ತೂಗಿ ಸ್ತಂಭನಕ್ಷೆ ಬರೆಸಿ. ಖಾಲಿ ಬಕೆಟಿನ ತೂಕ ಮೊದಲು ಕಳೆಯಬೇಕು, ಇಲ್ಲದಿದ್ದರೆ ನಕ್ಷೆಯೆಲ್ಲ ಸುಳ್ಳು. ಮೀನಿನ ಮುಳ್ಳು, ಕರಿಬೇವು, ನುಗ್ಗೆ ಸಿಪ್ಪೆಗೆ ಬೇರೆ ಪಾತ್ರೆ. ತೂಗುವುದು ಇಡೀ ಕ್ಲಾಸಿನದ್ದನ್ನು. ಒಂದೊಂದು ಮಗುವಿನ ತಟ್ಟೆ ಪರೀಕ್ಷಿಸಲಿಕ್ಕೆ ಹೊರಟರೆ ಮೂರನೇ ದಿನ ಮಕ್ಕಳು ಕಿಟಕಿಯಿಂದ ಹೊರಗೆ ಚೆಲ್ಲಲಿಕ್ಕೆ ಕಲಿಯುತ್ತಾರೆ.

ದೊತೊರ್ನ್ ಟೀಚರ್

ಕೆಡುವ ಇನ್ನೊಂದು ಜಾಗ ಕಾಣಿಕೆ. ಕರೆಜ್ಮ್ ಸಮಯದಲ್ಲಿ, ಅಂದರೆ ಈಸ್ಟರ್‌ಗೆ ಮೊದಲಿನ ತಪಸ್ಸಿನ 40 ದಿನ, ಮಕ್ಕಳು ತಿಂಡಿಯ ಹಣ ಉಳಿಸಿ ಬಡವರಿಗೆ ಕೊಡುವ ಕ್ರಮ ಉಂಟು. ಕ್ಲಾಸಿನಲ್ಲಿ ಹೆಸರು ಕರೆದು ಮೊತ್ತ ಓದಿದರೆ ಅದು ಅಪ್ಪಂದಿರ ಸ್ಪರ್ಧೆ. ಮುಚ್ಚಿದ ಡಬ್ಬಿ ಇಡಬೇಕು, ಕೊನೆಗೆ ಕ್ಲಾಸಿನ ಒಟ್ಟು ಮೊತ್ತ ಮಾತ್ರ ಹೇಳಬೇಕು, ಎಲ್ಲಿಗೆ ಕೊಡುವುದು ಅಂತ ಮಕ್ಕಳೇ ಎರಡು ಮೂರು ಆಯ್ಕೆಯಲ್ಲಿ ತೀರ್ಮಾನಿಸಬೇಕು. ಬೇರೆ ಧರ್ಮದ ಮಕ್ಕಳಿಗೆ ಇದು ಕಡ್ಡಾಯ ಅಲ್ಲ ಅಂತ ಡೈರಿಯಲ್ಲಿ ಬರೆದು ಕಳಿಸಬೇಕು. ಇಲ್ಲದಿದ್ದರೆ ಅದು ಫೀಸಿನ ಹಾಗೆ ಕಾಣುತ್ತದೆ.

ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ) ಇದಕ್ಕಿಂತ ಸುಲಭ. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ತರುತ್ತಾರೆ, ಹಬ್ಬದ ದಿನ ಹೊಸ ತೆನೆ. ತೆನೆಯ ಹಬ್ಬ ತುಳುವರ ಮನೆಯಲ್ಲೂ ಇರುವುದರಿಂದ ಪರಿಸರ ಅಧ್ಯಯನದ ಬೆಳೆಯ ಪಾಠಕ್ಕೆ ಸರಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಯ ಹೂ ಬೇಡ, ಹಿತ್ತಲಿನದ್ದು ತನ್ನಿ ಅಂತ ಮೊದಲೇ ಹೇಳಿದರೆ ಸಾಕು.

ಕಲ್ಯಾಣಪುರ

ಪ್ರೋಗ್ರೆಸ್ ಕಾರ್ಡಿನಲ್ಲಿ "ಪ್ರಾಮಾಣಿಕತೆ: ಬಿ" ಅಂತ ಬರೆಯುವ ಶಾಲೆಗಳ ಬಗ್ಗೆ?

ಬಲ್ಮಠ ಹತ್ತಿರ

ಬಿ ಗ್ರೇಡಿನ ಪ್ರಾಮಾಣಿಕತೆ ಅಂದರೆ ಎಂತ ಅಂತ ಬರೆದವರಿಗೂ ಗೊತ್ತಿರುವುದಿಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಬಹುದು: ಸಾಲಿನಲ್ಲಿ ಸರದಿ ಕಾಯುತ್ತಾಳೆ, ತೆಗೆದ ವಸ್ತು ತೆಗೆದಲ್ಲಿ ಇಡುತ್ತಾಳೆ, ಪಕ್ಕದವರ ಮಾತು ಮುಗಿಯುವವರೆಗೆ ಕೇಳುತ್ತಾಳೆ. "ಯಾವಾಗಲೂ, ಕೆಲವೊಮ್ಮೆ, ಇನ್ನೂ ಇಲ್ಲ", ಅಷ್ಟೇ ಸಾಕು. ಗ್ರೇಡ್ ಕೊಟ್ಟರೆ ಮಕ್ಕಳು ಟೀಚರಿಗೆ ಬೇಕಾದ ಉತ್ತರ ಬರೆಯುತ್ತಾರೆ. "ಒಳ್ಳೆಯ ಕೆಲಸದ ಡೈರಿ" ಅಂತ ವಾರಕ್ಕೆ ಐದು ಬರೆಯಿಸುವ ಕಡೆ ಭಾನುವಾರ ರಾತ್ರಿ ಅಮ್ಮಂದಿರು ಕೂತು ಐದನ್ನೂ ಹುಟ್ಟಿಸುತ್ತಾರೆ.

ಕುಲಶೇಖರ ಪೋಷಕಿ

ತುಂಬಾ ಉಪಕಾರ ಆಯ್ತು. ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು, ಕ್ರಿಸ್‌ಮಸ್ ರಜೆ? ಬಳೆ, ಬಿಂದಿ, ಹೂವಿನ ವಿಷಯವೂ.

ಉಡುಪಿ ಮಾಷ್ಟ್ರು

ಕನ್ನಡ: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಸೇರಿ ಎಲ್ಲ ಶಾಲೆಯಲ್ಲೂ ಮೊದಲ ಅಥವಾ ಎರಡನೇ ಭಾಷೆಯಾಗಿ ಕನ್ನಡ ಇರಬೇಕು. ಇರುವುದು ಬೇರೆ, ಕಲಿಯುವುದು ಬೇರೆ. ತುಳು ಮನೆಯ ಮಕ್ಕಳಿಗೆ ಮಾತು ಬೇಗ ಬರುತ್ತದೆ, ಬರೆಯುವಾಗ ಮಹಾಪ್ರಾಣ ಬೀಳುತ್ತದೆ. "ಭಾರತ" ಬಾರತ ಆಗುತ್ತದೆ, "ಧನ" ದನ ಆಗುತ್ತದೆ. ತುಳುವಿನಲ್ಲಿ ಆ ಉಚ್ಚಾರವೇ ಇಲ್ಲದ್ದರಿಂದ ಹೀಗೆ, ಇದು ದಡ್ಡತನ ಅಲ್ಲ. ದಿನಕ್ಕೆ ಐದು ಶಬ್ದ ಗಟ್ಟಿಯಾಗಿ ಓದಿಸಿ ಉಕ್ತಲೇಖನ ಕೊಟ್ಟರೆ ಎರಡನೇ ತರಗತಿಯೊಳಗೆ ಸರಿಹೋಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಒತ್ತಕ್ಷರಕ್ಕೆ ಅವಸರ ಮಾಡುತ್ತಾರೆ, ಗುಣಿತಾಕ್ಷರ ಗಟ್ಟಿಯಾಗುವ ಮೊದಲೇ. ಶಾಲೆ ನೋಡಲು ಹೋದಾಗ ಮೂರನೇ ತರಗತಿಯ ಕನ್ನಡ ನೋಟ್ಸ್ ತೋರಿಸಿ ಅಂತ ಕೇಳಿ. ಎಲ್ಲ ಮಕ್ಕಳದ್ದೂ ಒಂದೇ ಉತ್ತರ ಅಕ್ಷರ ತಪ್ಪದೆ ಇದ್ದರೆ ಅದು ಬೋರ್ಡಿನಿಂದ ನಕಲು. ಕೇಂದ್ರ ಸರಕಾರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್‌ನ ಗುರಿ ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ ಕನಿಷ್ಠ 60 ಶಬ್ದ ಅರ್ಥವಾಗಿ ಓದುವುದು, 9999ರವರೆಗೆ ಸಂಖ್ಯೆ. ಆಡಳಿತ ಯಾರದ್ದೇ ಇರಲಿ ಈ ಅಳತೆಯಲ್ಲಿ ನೋಡಿ.

ಕಾನೂನು ಓದಿದವ

ಆರ್‌ಟಿಇ ಸೀಟು ಕೇಳಬೇಡಿ, ಸಿಗುವುದಿಲ್ಲ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನಿತ ಇರಲಿ ಅನುದಾನರಹಿತ ಇರಲಿ, ಆ ಕಾಯ್ದೆ ಅನ್ವಯವಾಗುವುದಿಲ್ಲ ಎಂದಿತು. 2025ರಲ್ಲಿ ಇನ್ನೊಂದು ಪೀಠ ಅದನ್ನು ಪ್ರಶ್ನಿಸಿ ದೊಡ್ಡ ಪೀಠಕ್ಕೆ ಹೋಗಬೇಕು ಎಂದಿದೆ. ಹೊಡೆಯಬಾರದು ಎಂಬುದೂ ಅದೇ ಕಾಯ್ದೆಯಲ್ಲಿ ಉಂಟು, ಹಾಗಂತ ಈ ಶಾಲೆಗಳಲ್ಲಿ ಮಗುವಿಗೆ ಹೊಡೆಯಬಹುದು ಅಂತ ಅಲ್ಲ. ಬಾಲನ್ಯಾಯ ಕಾಯ್ದೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಎಲ್ಲ ಶಾಲೆಗೂ ಒಂದೇ. ಶಾಲೆಯ ಗೋಡೆಯಲ್ಲಿ ಮಕ್ಕಳ ಸಹಾಯವಾಣಿ 1098 ಬರೆದಿದೆಯಾ ನೋಡಿ.

ಮಿಶನ್ ಕಾಂಪೌಂಡ್

ರಜೆ: ಕ್ರಿಸ್‌ಮಸ್ ರಜೆ ಬೇಕಾದ ಕ್ರೈಸ್ತ ಶಾಲೆಗಳು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಅನುಮತಿ ಪಡೆದು ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಳ್ಳುತ್ತವೆ. ಒಟ್ಟು ದಿನ ಅಷ್ಟೇ. ಒಬ್ಬ ಮಗ ಸರಕಾರಿ ಶಾಲೆಯಲ್ಲಿ, ಒಬ್ಬಳು ಇಲ್ಲಿ ಅಂತಿದ್ದರೆ ದಸರೆಗೆ ಊರಿಗೆ ಹೋಗುವ ಲೆಕ್ಕ ತಪ್ಪುತ್ತದೆ, ಜೂನ್‌ನಲ್ಲೇ ಕೇಳಿಡಿ.

ದೊತೊರ್ನ್ ಟೀಚರ್

ಬಳೆ, ಬಿಂದಿಗೆ ಎಲ್ಲ ಶಾಲೆಗೂ ಒಂದೇ ನಿಯಮ ಇಲ್ಲ. ಗಾಜಿನ ಬಳೆ ಆಟದಲ್ಲಿ ಒಡೆಯುತ್ತದೆ ಅಂತ ಬೇಡ ಎನ್ನುವುದು ಒಪ್ಪತಕ್ಕದ್ದು. ಬಿಂದಿಯಿಂದ ಯಾರಿಗೂ ಗಾಯ ಆಗುವುದಿಲ್ಲ, ಅದಕ್ಕೆ ಕಾರಣ ಕೇಳಿ. ಶಿಲುಬೆಯ ಸರಕ್ಕೂ ತಾಯತಕ್ಕೂ ಒಂದೇ ನಿಯಮ ಇರಬೇಕು. ಒಂದಕ್ಕೆ ಬಿಟ್ಟು ಇನ್ನೊಂದಕ್ಕೆ ತಡೆದರೆ ಮಕ್ಕಳಿಗೆ ನೀತಿ ಪಾಠಕ್ಕಿಂತ ಬೇಗ ಅರ್ಥವಾಗುತ್ತದೆ. ನಿಯಮ ಬರಹದಲ್ಲಿ ಇರಲಿ, ಡೈರಿಯ ಮೊದಲ ಪುಟಗಳಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಪ್ರತಿ ವರ್ಷ ಕ್ಲಾಸ್ ಟೀಚರ್ ಬದಲಾದ ಹಾಗೆ ನಿಯಮವೂ ಬದಲಾಗುತ್ತದೆ.

ಕುಲಶೇಖರ ಪೋಷಕಿ

ಧರ್ಮದ ಕ್ಲಾಸ್ ಬೇಡ ಅಂತ ಹೇಳುವುದಾದರೆ ಯಾರಿಗೆ, ಹೇಗೆ? ಮಗಳ ಮೇಲೆ ಕೋಪ ಬರಬಾರದಲ್ಲ.

ಕಾನೂನು ಓದಿದವ

ಹೆಡ್‌ಮಿಸ್‌ಗೆ, ದಾಖಲಾತಿಯ ದಿನವೇ, ಅರ್ಜಿಯ ಜೊತೆ. ಮೂರು ಸಾಲು ಸಾಕು: ಮಗುವಿನ ಹೆಸರು ಮತ್ತು ತರಗತಿ, ಧಾರ್ಮಿಕ ಬೋಧನೆಗೆ ನಮ್ಮ ಒಪ್ಪಿಗೆ ಇಲ್ಲ, ಆ ಅವಧಿಯಲ್ಲಿ ನೀತಿ ಪಾಠಕ್ಕೆ ಕೂರಿಸಬೇಕು. 28ನೇ ವಿಧಿ ಅಂತ ಮೊದಲ ಪತ್ರದಲ್ಲೇ ಬರೆಯುವ ಅಗತ್ಯ ಇಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಆಫೀಸಿನ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಅಸೆಂಬ್ಲಿಯ ಪ್ರಾರ್ಥನೆಗೆ ನಿಲ್ಲಲಿಕ್ಕೆ ಒಪ್ಪಿಗೆ ಇದ್ದರೆ ಅದನ್ನೂ ಬರೆಯಿರಿ, ಎರಡನ್ನೂ ಒಂದೇ ಅಂತ ಅವರು ತಿಳಿಯಬಾರದು.

ಉಡುಪಿ ಮಾಷ್ಟ್ರು

ನಾಲ್ಕನೆಯ ಸಾಲೂ ಒಂದು ಬರೆಯಿರಿ: ನೀತಿ ಪಾಠಕ್ಕೆ ಯಾವ ಪುಸ್ತಕ, ಯಾವ ಟೀಚರ್ ಅಂತ ತಿಳಿಸಬೇಕು.